ಕೆಸರಾದ ಕೈ ಯಾರದು? ಮೊಸರುಂಡ ಬಾಯಿ ಯಾರದು?



ಪ್ರತಿವರ್ಷ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದಲ್ಲಿ 'ಥ್ಯಾಂಕ್ಸ್‌ಗಿವಿಂಗ್' ಎಂಬ ಕೃತಜ್ಞತಾ ಹಬ್ಬ ನಡೆಯುತ್ತದೆ. ಅಲ್ಲಿ ದುಡಿಯುತ್ತಿರುವ ನಮ್ಮ ಮಕ್ಕಳು ಊರಿನ ತಂದೆತಾಯಿಗಳಿಗೆ ಕಳುಹಿಸುವ ಚಿತ್ರಗಳಲ್ಲಿ ಆ ದಿನದ ಊಟದ ಮೇಜನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಇಡಿಯಾಗಿ ಬೇಯಿಸಿದ ಟರ್ಕಿ ಕೋಳಿ, ಮೆಕ್ಕೆಜೋಳ, ಸಿಹಿಗುಂಬಳದ ತಿನಿಸು, ಸುತ್ತಲೂ ಕೈಮುಗಿದು ನಿಂತ ಕುಟುಂಬ. ಈ ಚಿತ್ರದ ಹಿಂದೆ ಒಂದು ಕಥೆಯಿದೆ. ದೇವಭಯವುಳ್ಳ ಸರಳ ಜನರು ಕಡಲು ದಾಟಿ ಬಂದರು. ಸ್ವಂತ ಬೆವರಿನಿಂದ ಕಾಡನ್ನು ಹೊಲವಾಗಿಸಿದರು. ಬೆಳೆದುದನ್ನು ನೆರೆಯ ಮೂಲನಿವಾಸಿಗಳೊಡನೆ ಹಂಚಿಕೊಂಡು, ದೇವರನ್ನು ಸ್ತುತಿಸಿ ಉಂಡರು ಎಂಬುದೇ ಆ ಕಥೆ.

ಕ್ರೈಸ್ತ ಕುಟುಂಬ ಹೇಗಿರಬೇಕೆಂದು ಹೇಳುವಾಗ ಈ ಕಥೆಯನ್ನು ಮಾದರಿಯಾಗಿ ಎತ್ತಿಕೊಳ್ಳುವುದು ನಮ್ಮಲ್ಲೂ ಉಂಟು. ಎಳೆಯ ಗುರುವಾಗಿದ್ದಾಗ ನಾನೂ ಪ್ರಬೋಧನೆಯಲ್ಲಿ ಅದನ್ನು ಹೇಳಿದ್ದೇನೆ. ಅಂದು ಹೇಳಿದುದನ್ನು ಇಂದು ಹಿಂತೆಗೆದುಕೊಳ್ಳುತ್ತಿದ್ದೇನೆ. ಯಾಕೆಂದರೆ ಆ ಕಥೆ ಪೂರ್ತಿ ಸುಳ್ಳಲ್ಲದಿದ್ದರೂ, ಅರ್ಧಕ್ಕೆ ನಿಲ್ಲಿಸಿದ ಕಥೆ. ಅರ್ಧಕ್ಕೆ ನಿಲ್ಲಿಸಿದ ಸತ್ಯವು ಎಷ್ಟೋ ಸಲ ಸುಳ್ಳಿಗಿಂತ ಹೆಚ್ಚು ಕೇಡು ಮಾಡುತ್ತದೆ.

'ಕೈ ಕೆಸರಾದರೆ ಬಾಯಿ ಮೊಸರು' ಎಂಬುದು ನಮ್ಮ ಹಿರಿಯರ ಮಾತು. ಕೈಯೂ ಬಾಯಿಯೂ ಒಬ್ಬನದೇ ಎಂಬ ನಂಬಿಕೆಯಿಂದ ಹುಟ್ಟಿದ ಮಾತು ಅದು. ಹದಿನೇಳನೆಯ ಮತ್ತು ಹದಿನೆಂಟನೆಯ ಶತಮಾನಗಳಲ್ಲಿ, ಇಂಗ್ಲೆಂಡಿನ ವಸಾಹತುಗಳಾಗಿದ್ದ ಅಮೆರಿಕದ ಊಟದ ಮೇಜಿನಲ್ಲಿ ಈ ಗಾದೆ ಮುರಿದುಬಿತ್ತು. ಕೆಸರಾದ ಕೈ ಒಬ್ಬರದು, ಮೊಸರುಂಡ ಬಾಯಿ ಇನ್ನೊಬ್ಬರದು. ನಡುವೆ ಹೇಳಿದ ಭೋಜನ ಪ್ರಾರ್ಥನೆಯಲ್ಲಿ ಆ ಕೈಗಳಿಗೆ ಜಾಗವಿರಲಿಲ್ಲ.

ಹಸಿವಿನಿಂದ ಕಾಪಾಡಿದವರು

ಮೊದಲು ನ್ಯಾಯವಾಗಿ ಸಲ್ಲಬೇಕಾದುದನ್ನು ಸಲ್ಲಿಸೋಣ. ಕಡಲು ದಾಟಿ ಬಂದವರು ಕಷ್ಟಪಡಲಿಲ್ಲವೆಂದು ಯಾರೂ ಹೇಳಲಾರರು. 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನಿನಲ್ಲಿ ನೆಲೆಯೂರಿದ ಇಂಗ್ಲಿಷರು 1609-10ರ ಚಳಿಗಾಲದಲ್ಲಿ ನಾಯಿ, ಇಲಿಗಳನ್ನು ತಿಂದರು, ಹೆಣಗಳನ್ನೂ ಬಿಡಲಿಲ್ಲ. ಆ ಕಾಲದ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಮೂಳೆಗಳು 2012ರ ಉತ್ಖನನದಲ್ಲಿ ದೊರೆತವು. ಅವುಗಳ ಮೇಲಿನ ಕತ್ತಿಯ ಗುರುತುಗಳು ಈ ಘೋರ ಸತ್ಯಕ್ಕೆ ಸಾಕ್ಷಿಯಾದವು. 1620ರಲ್ಲಿ 'ಮೇಫ್ಲವರ್' ಹಡಗಿನಲ್ಲಿ ಪ್ಲಿಮತ್ತಿಗೆ ಬಂದ ಸುಮಾರು ನೂರು ಜನರಲ್ಲಿ ಅರ್ಧದಷ್ಟು ಮಂದಿ ಮೊದಲ ಚಳಿಗಾಲದಲ್ಲೇ ಮಡಿದರು. ಬದುಕುಳಿದ ವಿವಾಹಿತ ಸ್ತ್ರೀಯರು ಕೇವಲ ನಾಲ್ವರು. ಮರುವರ್ಷದ ಸುಗ್ಗಿಯ ಔತಣದ ಅಡುಗೆಯ ಭಾರ ಆ ನಾಲ್ವರ ಮೇಲೂ ಕೆಲವು ಹುಡುಗಿಯರ ಮೇಲೂ ಬಿದ್ದಿರಬೇಕು. ಅವರ ದುಡಿಮೆಗೆ ತಲೆಬಾಗೋಣ.

ಆದರೆ ಅವರನ್ನು ಹಸಿವಿನಿಂದ ಎತ್ತಿದ ಕೈ ಯಾರದು? ಇಂಗ್ಲೆಂಡಿನಿಂದ ತಂದ ಬಟಾಣಿ ಆ ನೆಲದಲ್ಲಿ ಒಣಗಿಹೋಯಿತು. ಕೈಹಿಡಿದದ್ದು ಮೆಕ್ಕೆಜೋಳ. ಅಮೆರಿಕದ ಮೂಲನಿವಾಸಿಗಳು ಸಾವಿರಾರು ವರ್ಷಗಳ ತಾಳ್ಮೆಯಿಂದ ಕಾಡುಹುಲ್ಲಿನಿಂದ ಪಳಗಿಸಿ ತೆಗೆದ ಬೆಳೆ ಅದು. ಇಂದು ನಮ್ಮ ದಾವಣಗೆರೆ, ಹಾವೇರಿಗಳ ಹೊಲಗಳಲ್ಲಿ ತೆನೆದೂಗುವ ಮೆಕ್ಕೆಜೋಳವೂ ಅದೇ ಕೈಗಳ ವರದಾನ. ಮಣ್ಣನ್ನು ಗುಡ್ಡೆ ಮಾಡಿ ಜೋಳ ಬಿತ್ತುವುದು, ಅದರ ದಂಟಿಗೆ ಹುರುಳಿಯ ಬಳ್ಳಿ ಹಬ್ಬಿಸುವುದು, ಬುಡದಲ್ಲಿ ಕುಂಬಳ ಹರಡಿಸುವುದು ಅವರ ಕ್ರಮ. ಹುರುಳಿಯು ಮಣ್ಣಿಗೆ ಸಾರ ಕೊಡುತ್ತದೆ, ಕುಂಬಳದ ಎಲೆ ತೇವ ಕಾಯುತ್ತದೆ. ಕಾಳನ್ನು ಬೂದಿನೀರಿನಲ್ಲಿ ಬೇಯಿಸಿ ಸಿಪ್ಪೆ ಕಳೆಯುವ ವಿದ್ಯೆಯೂ ಅವರದೇ. ಹಾಗೆ ಮಾಡಿದರೆ ಜೋಳದಲ್ಲಿ ಅಡಗಿರುವ ಒಂದು ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಯೂರೋಪಿಗೆ ಕಾಳು ಹೋಯಿತು, ಈ ವಿದ್ಯೆ ಹೋಗಲಿಲ್ಲ. ಮೆಕ್ಕೆಜೋಳದ ಗಂಜಿಯನ್ನೇ ನೆಚ್ಚಿದ ಉತ್ತರ ಇಟಲಿಯ ಬಡವರು ಪೆಲಾಗ್ರ ಎಂಬ ರೋಗದಿಂದ ನರಳಿದರು.

ಪ್ಲಿಮತ್ತಿನವರಿಗೆ ಈ ಬೇಸಾಯವನ್ನು ಕಲಿಸಿದವನು ಟಿಸ್ಕ್ವಾಂಟಮ್ ಎಂಬ ಮೂಲನಿವಾಸಿ. ಅವನಿಗೆ ಇಂಗ್ಲಿಷ್ ಬಂದದ್ದಾದರೂ ಹೇಗೆ? 1614ರಲ್ಲಿ ಇಂಗ್ಲಿಷ್ ಕಪ್ತಾನನೊಬ್ಬ ಅವನನ್ನೂ ಅವನ ಊರಿನ ಇತರರನ್ನೂ ಮೋಸದಿಂದ ಹಡಗಿಗೇರಿಸಿ, ಸ್ಪೇನಿನ ಮಾಲಗ ಪಟ್ಟಣದಲ್ಲಿ ಗುಲಾಮರನ್ನಾಗಿ ಮಾರಲು ಒಯ್ದಿದ್ದ. ಅಲ್ಲಿನ ಸನ್ಯಾಸಿಗಳು ಮಾರಾಟವನ್ನು ತಡೆದು ಕೆಲವರನ್ನು ಬಿಡಿಸಿಕೊಂಡರು. ಮುಂದೆ ಲಂಡನ್ ಕಂಡು, 1619ರಲ್ಲಿ ಊರಿಗೆ ಮರಳಿದ ಟಿಸ್ಕ್ವಾಂಟಮನಿಗೆ ಊರೇ ಸಿಗಲಿಲ್ಲ. ಯೂರೋಪಿಯನ್ನರೊಡನೆ ಬಂದ ಸಾಂಕ್ರಾಮಿಕವೊಂದು ಪಟುಕ್ಸೆಟ್ ಎಂಬ ಆ ಊರನ್ನು ಬರಿದಾಗಿಸಿತ್ತು. ಪ್ಲಿಮತ್ ವಸಾಹತು ಎದ್ದುನಿಂತದ್ದು ಅದೇ ಬರಿದಾದ ನೆಲದ ಮೇಲೆ. ತನ್ನನ್ನು ಕದ್ದೊಯ್ದವರ ಬಾಂಧವರಿಗೆ, ತನ್ನವರ ಗೋರಿಯ ಮೇಲೆ, ಅನ್ನ ಬೆಳೆಯಲು ಕಲಿಸಿದ ಮನುಷ್ಯನಾತ. ಪರಸೇವೆಗೆ ಮಾದರಿ ಬೇಕೆಂದರೆ ಹಡಗಿನಿಂದ ಇಳಿದವರಿಗಿಂತ ಮೊದಲು ಇವನನ್ನು ನೆನೆಯಬೇಕಲ್ಲವೇ?

ಉಂಡ ಮನೆಗೆ ಎರಡು ಬಗೆದವರು

1621ರ ಶರತ್ಕಾಲದಲ್ಲಿ ಆ ಪ್ರಸಿದ್ಧ ಔತಣ ನಡೆಯಿತು. ಎಡ್ವರ್ಡ್ ವಿನ್ಸ್ಲೋ ಎಂಬಾತ ಬರೆದ ಪತ್ರವೊಂದು ಅದಕ್ಕೆ ಸಾಕ್ಷಿ. ವಾಂಪನೋಗ್ ಜನರ ಒಡೆಯ ಮಸಸಾಯಿಟ್ ತನ್ನ ತೊಂಬತ್ತು ಜನರೊಡನೆ ಬಂದ, ಮೂರು ದಿನ ಔತಣ ನಡೆಯಿತು ಎನ್ನುತ್ತದೆ ಆ ಪತ್ರ. ಅತಿಥಿಗಳು ಬರಿಗೈಯಲ್ಲಿ ಉಣ್ಣಲಿಲ್ಲ; ಐದು ಜಿಂಕೆಗಳನ್ನು ಬೇಟೆಯಾಡಿ ತಂದುಕೊಟ್ಟರು. ಆಗ ವಸಾಹತಿನಲ್ಲಿ ಉಳಿದಿದ್ದವರು ಸುಮಾರು ಐವತ್ತು ಮಂದಿ. ಎಂದರೆ ಪಂಕ್ತಿಯಲ್ಲಿ ಹೆಚ್ಚಿನವರು ಮೂಲನಿವಾಸಿಗಳೇ. ಸಿಹಿಗುಂಬಳದ ತಿನಿಸಾಗಲಿ ಸಕ್ಕರೆಯಾಗಲಿ ಆ ಪತ್ರದಲ್ಲಿಲ್ಲ. ಈ ಔತಣವನ್ನು ರಾಷ್ಟ್ರದ ಹಬ್ಬಕ್ಕೆ ಮೂಲವೆಂದು ಕೊಂಡಾಡಿದ್ದು ಎರಡು ಶತಮಾನಗಳ ನಂತರ. ಅಂತರ್ಯುದ್ಧದ ನಡುವೆ, 1863ರಲ್ಲಿ, ಅಧ್ಯಕ್ಷ ಲಿಂಕನ್ ನವೆಂಬರಿನ ಕೃತಜ್ಞತಾ ದಿನವನ್ನು ಘೋಷಿಸಿದರು.

ಕಥೆಯನ್ನು ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ದಯವಿಟ್ಟು ಐವತ್ತೈದು ವರ್ಷ ಮುಂದೆ ಬನ್ನಿ. ವಸಾಹತುಗಳು ಹಬ್ಬಿದವು, ನೆಲ ಸಾಲದಾಯಿತು. 1675ರಲ್ಲಿ ಯುದ್ಧ ಹೊತ್ತಿತು. ಮೂಲನಿವಾಸಿಗಳ ಕಡೆಯ ನಾಯಕ ಮೆಟಾಕಮ್, ಅದೇ ಮಸಸಾಯಿಟನ ಮಗ. ಎರಡೂ ಕಡೆಗಳಲ್ಲಿ ಊರುಗಳು ಸುಟ್ಟವು, ನಿರಪರಾಧಿಗಳು ಸತ್ತರು. 1676ರ ಆಗಸ್ಟಿನಲ್ಲಿ ಮೆಟಾಕಮ್ ಹತನಾದ. ಅವನ ತಲೆಯನ್ನು ಪ್ಲಿಮತ್ತಿಗೆ ತಂದದ್ದು, ಅಲ್ಲಿನವರು ದೇವರಿಗೆ ಕೃತಜ್ಞತೆ ಸಲ್ಲಿಸಲು ಗೊತ್ತುಪಡಿಸಿದ್ದ ದಿನವೇ. ಆ ತಲೆಯನ್ನು ಗಳುವಿಗೆ ಸಿಕ್ಕಿಸಿ ವರ್ಷಗಟ್ಟಲೆ ನಿಲ್ಲಿಸಿದರು. ಅವನ ಎಳೆಯ ಮಗನನ್ನು ಏನು ಮಾಡಬೇಕೆಂದು ಬೋಧಕರನ್ನು ಕೇಳಲಾಯಿತು. ಅವರು ಬೈಬಲ್ಲಿನ ಪುಟಗಳನ್ನು ತಿರುವಿ, ಕೊಲ್ಲಬಹುದೇ ಎಂದು ಚರ್ಚಿಸಿದರು. ಕೊನೆಗೆ 1677ರಲ್ಲಿ ಆ ಬಾಲಕನನ್ನು ಗುಲಾಮನನ್ನಾಗಿ ಮಾರಲು ಕಳುಹಿಸಿದರು.

ಐದು ಜಿಂಕೆ ತಂದ ಅತಿಥಿಯ ಮೊಮ್ಮಗ ಅವನು. 'ಉಂಡ ಮನೆಗೆ ಎರಡು ಬಗೆಯಬೇಡ' ಎಂದು ಅಕ್ಷರ ಬಾರದ ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ದಿನಕ್ಕೆ ಎರಡು ಹೊತ್ತು ಧರ್ಮಗ್ರಂಥ ಓದುತ್ತಿದ್ದವರಿಗೆ ಹೊಳೆಯಲಿಲ್ಲ. 1970ರಲ್ಲಿ ಮೂಲನಿವಾಸಿಗಳು ಅದೇ ಪ್ಲಿಮತ್ತಿನಲ್ಲಿ, ಅದೇ ಹಬ್ಬದ ದಿನ, ಶೋಕಾಚರಣೆ ಆರಂಭಿಸಿದ್ದು ಹಗೆ ಸಾಧಿಸಲು ಅಲ್ಲ. ಕಥೆಯ ಉಳಿದರ್ಧವನ್ನು ಹೇಳಲು.

ಭಾನುವಾರದ ಸಿಹಿ

ಈಗ ಮೇಜಿನ ಮೇಲಿನ ಸಿಹಿಯ ಮಾತು. ನ್ಯೂ ಇಂಗ್ಲೆಂಡಿನ ಪ್ಯೂರಿಟನ್ ಮನೆಗಳಲ್ಲಿ ಭಾನುವಾರ ಒಲೆಯ ಕೆಲಸ ತಪ್ಪಿಸುವ ಕಟ್ಟುನಿಟ್ಟಿತ್ತು. ಶನಿವಾರವೇ ಹುರುಳಿಕಾಳನ್ನು ಹಂದಿಮಾಂಸದೊಡನೆ ಮಡಕೆಯಲ್ಲಿಟ್ಟು, ಆರುತ್ತಿರುವ ಕೆಂಡದ ಗೂಡಿನಲ್ಲಿ ರಾತ್ರಿಯಿಡೀ ಬೇಯಲು ಬಿಡುತ್ತಿದ್ದರು. ದೇವರ ದಿನವನ್ನು ಕಾಯುವ ಈ ಶ್ರದ್ಧೆ ಮೆಚ್ಚುವಂಥದ್ದು. ಕಾಲಕ್ರಮದಲ್ಲಿ ಆ ಮಡಕೆಗೆ, ಜೋಳದ ಹಿಟ್ಟಿನ ಪಾಯಸಕ್ಕೆ, ಕಂದು ರೊಟ್ಟಿಗೆ ಸಿಹಿಯಾಗಿ ಬಂದು ಸೇರಿದ್ದು ಕಾಕಂಬಿ. ಕಬ್ಬಿನ ರಸವನ್ನು ಕುದಿಸಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ ಅದು. ಬರುತ್ತಿದ್ದದ್ದು ಬಾರ್ಬಡೋಸ್ ಮುಂತಾದ ಕೆರಿಬಿಯನ್ ದ್ವೀಪಗಳಿಂದ.

ಆ ದ್ವೀಪಗಳಲ್ಲಿ ಕಬ್ಬು ಕಡಿಯುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಕಟಾವಿನ ಕಾಲದಲ್ಲಿ ಗಾಣ ಹಗಲೂ ರಾತ್ರಿ ತಿರುಗುತ್ತಿತ್ತು. ನಿದ್ದೆಗಣ್ಣಿನಲ್ಲಿ ಕಬ್ಬು ತೂರಿಸುವವನ ಬೆರಳು ಉರುಳೆಗಳಿಗೆ ಸಿಕ್ಕರೆ ತೋಳಿಗೆ ತೋಳೇ ಒಳಗೆ ಹೋಗುತ್ತಿತ್ತು. ಅದಕ್ಕೆಂದೇ ಗಾಣದ ಪಕ್ಕದಲ್ಲಿ ಒಂದು ಕೊಡಲಿ ಇಟ್ಟಿರುತ್ತಿದ್ದರು, ಗಾಣ ನಿಲ್ಲಿಸುವುದಕ್ಕಲ್ಲ, ತೋಳು ಕಡಿಯುವುದಕ್ಕೆ. ಹುಟ್ಟುವವರಿಗಿಂತ ಸಾಯುವವರೇ ಹೆಚ್ಚಾಗಿದ್ದುದರಿಂದ ಹೊಸ ಹೊಸ ಗುಲಾಮರನ್ನು ತರುತ್ತಲೇ ಇರಬೇಕಾಗುತ್ತಿತ್ತು. ಆ ತೋಟಗಳ ಭಾನುವಾರ ಹೇಗಿತ್ತು ಗೊತ್ತೇ? ಅನೇಕ ಕಡೆ ಗುಲಾಮರು ತಮ್ಮ ಹೊಟ್ಟೆಗೆ ಬೇಕಾದ ಗೆಡ್ಡೆಗೆಣಸನ್ನು ಬೆಳೆದುಕೊಳ್ಳಬೇಕಾಗಿದ್ದುದು ಆ ಒಂದು ದಿನವೇ. ಬಾಸ್ಟನ್ನಿನ ಮನೆಯಲ್ಲಿ ವಿಶ್ರಾಂತಿಯ ದಿನದ ಊಟ ಸಿಹಿಯಾದದ್ದು, ವಿಶ್ರಾಂತಿಯೇ ಇಲ್ಲದವರ ಕೈಯಿಂದ.

ಕಾಕಂಬಿ ಅಡುಗೆಗೆ ಮಾತ್ರ ನಿಲ್ಲಲಿಲ್ಲ. ಹುದುಗಿಸಿ ಭಟ್ಟಿಗಿಳಿಸಿದರೆ ಅದೇ ರಮ್. ವಸಾಹತುಗಳಲ್ಲಿ ಮದ್ಯ ಎಲ್ಲರ ನಿತ್ಯಪಾನವಾಗಿತ್ತು. ಸೇಬಿನ ರಸ ಹುದುಗಿಸಿದ 'ಸೈಡರ್' ಮನೆಮನೆಯಲ್ಲಿ ಪೀಪಾಯಿಗಟ್ಟಲೆ ಇರುತ್ತಿತ್ತು. ಮಕ್ಕಳಿಗೂ ಅದನ್ನು ತೆಳುವಾಗಿಸಿ ಕೊಡುತ್ತಿದ್ದರು. ರಮ್ ಬಂದ ಮೇಲೆ ಕೊಯ್ಲಿಗೆ, ಮನೆ ಕಟ್ಟುವುದಕ್ಕೆ, ಶವಸಂಸ್ಕಾರಕ್ಕೆ, ಬೋಧಕರ ದೀಕ್ಷಾ ಸಮಾರಂಭಕ್ಕೂ ಅದೇ ಬೇಕಾಯಿತು. 1758ರಲ್ಲಿ ವರ್ಜೀನಿಯಾದ ಶಾಸನಸಭೆಗೆ ಸ್ಪರ್ಧಿಸಿದ ಜಾರ್ಜ್ ವಾಷಿಂಗ್ಟನ್, ಸುಮಾರು 400 ಮತದಾರರಿಗೆಂದು ಹರಿಸಿದ ರಮ್, ವೈನ್, ಬಿಯರ್ ಎಲ್ಲ ಸೇರಿ ಸುಮಾರು 160 ಗ್ಯಾಲನ್, ಅಂದರೆ ಆರುನೂರು ಲೀಟರು. ಗೆದ್ದದ್ದೂ ಆತನೇ. ಓದಿ ನಮಗೆ ಆಶ್ಚರ್ಯವಾಗದಿದ್ದರೆ ಅದಕ್ಕೆ ಕಾರಣ ನಮಗೇ ಗೊತ್ತು.

ಪೀಠಗಳಿಂದ ಖಂಡನೆ ಬರಲಿಲ್ಲವೇ? ಬಂತು. ಬಾಸ್ಟನ್ನಿನ ಇನ್‌ಕ್ರೀಸ್ ಮೇದರ್ 1673ರಲ್ಲೇ ಕುಡುಕರ ವಿರುದ್ಧ ಪ್ರಬೋಧನೆಗಳನ್ನು ಅಚ್ಚುಹಾಕಿಸಿದ. ಪಾನೀಯ ದೇವರ ವರ, ಕುಡುಕತನ ಸೈತಾನನ ಕೆಲಸ ಎಂಬುದು ಆತನ ನಿಲುವು. ಮೇಲ್ನೋಟಕ್ಕೆ ಸರಿಯಾದ ಮಾತೇ. ಆದರೆ ಕುಡಿದು ಬಿದ್ದವನ ಪಾಪವನ್ನು ಎಣಿಸಿದ ಆ ಪೀಠವು, ಪೀಪಾಯಿಯೊಳಗಿನ ಪಾಪವನ್ನು ಎಣಿಸಲಿಲ್ಲ. ಬಾಸ್ಟನ್, ನ್ಯೂಪೋರ್ಟ್ ಮೊದಲಾದ ಬಂದರುಗಳಲ್ಲಿ 1770ರ ಹೊತ್ತಿಗೆ ನೂರಕ್ಕೂ ಹೆಚ್ಚು ಭಟ್ಟಿಗಳು ಉರಿಯುತ್ತಿದ್ದವು. ರೋಡ್ ಐಲೆಂಡ್ ಎಂಬ ಪುಟ್ಟ ವಸಾಹತಿನ ರಮ್ ಆಫ್ರಿಕದ ಕರಾವಳಿಗೆ ಹೋಗಿ ಮನುಷ್ಯರ ಬೆಲೆಯಾಯಿತು. 1709ರಿಂದ 1807ರವರೆಗೆ ಅಲ್ಲಿಂದ ಹೊರಟ ಗುಲಾಮ ವ್ಯಾಪಾರದ ಯಾನಗಳು 900ಕ್ಕೂ ಹೆಚ್ಚು; ಸಾಗಿಸಿದವರು ಒಂದು ಲಕ್ಷಕ್ಕೂ ಹೆಚ್ಚು ಜನ. ಗುಲಾಮರು ಕಾಕಂಬಿ ಮಾಡುವುದು, ಕಾಕಂಬಿ ರಮ್ ಆಗುವುದು, ರಮ್ ಮತ್ತೆ ಗುಲಾಮರನ್ನು ಕೊಳ್ಳುವುದು: ಇದೂ ಒಂದು ಗಾಣವೇ.

ಅದೇ ರಮ್ ಮೂಲನಿವಾಸಿಗಳ ನೆಲವನ್ನು ನುಂಗಲೂ ನೆರವಾಯಿತು. ತಮ್ಮ ಊರುಗಳಿಗೆ ರಮ್ ತರಬೇಡಿರೆಂದು ಅವರ ಮುಖಂಡರು ಮತ್ತೆ ಮತ್ತೆ ಬೇಡಿಕೊಂಡರು. 1753ರ ಒಪ್ಪಂದವೊಂದರ ಸಂದರ್ಭವನ್ನು ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ವಿವರಿಸುತ್ತಾನೆ. ಉಳುವವರಿಗೆ ಜಾಗ ಮಾಡಿಕೊಡಲು ಈ ಜನರನ್ನು ಇಲ್ಲವಾಗಿಸುವುದು ದೈವಸಂಕಲ್ಪವಾಗಿದ್ದರೆ, ಅದಕ್ಕೆ ನೇಮಿತವಾದ ಸಾಧನ ರಮ್ ಇರಬಹುದೆಂಬರ್ಥದ ಮಾತು ಅಲ್ಲಿದೆ. ಬುದ್ಧಿವಂತಿಕೆಗೆ ಹೆಸರಾದ ಮನುಷ್ಯನ ಬಾಯಲ್ಲಿ, ದೇವರ ಹೆಸರಿನಲ್ಲಿ, ಎಂಥ ಮಾತು!

ನಮ್ಮ ಉಪವಾಸದ ಮೀನು

ಇಷ್ಟು ಓದಿದ ಕೆಲವರಿಗೆ ಅನುಮಾನ ಬರಬಹುದು: ಕಥೋಲಿಕ ಗುರುವೊಬ್ಬರು ಪ್ರೊಟೆಸ್ಟೆಂಟರ ಮೇಲೆ ಕಲ್ಲೆಸೆಯುತ್ತಿದ್ದಾರೆಯೇ? ಇಲ್ಲ. ನಮ್ಮ ಮನೆಯ ಗೋಡೆಯೂ ಗಾಜಿನದೇ.

ನ್ಯೂ ಇಂಗ್ಲೆಂಡಿನ ಸಂಪತ್ತಿಗೆ ಅಡಿಪಾಯ 'ಕಾಡ್' ಎಂಬ ಕಡಲಮೀನು. ಮರದಲ್ಲಿ ಕೆತ್ತಿದ ಆ ಮೀನನ್ನು ಮ್ಯಾಸಚೂಸೆಟ್ಸಿನ ಶಾಸನಭವನದಲ್ಲಿ ಗೌರವದಿಂದ ತೂಗುಹಾಕಿದ್ದಾರೆ. ಉಪ್ಪು ಹಚ್ಚಿ ಒಣಗಿಸಿದ ಮೀನನ್ನು ದರ್ಜೆಗಳಾಗಿ ವಿಂಗಡಿಸುತ್ತಿದ್ದರು. ಉತ್ತಮವಾದದ್ದು ಸ್ಪೇನ್, ಪೋರ್ಚುಗಲ್ ಮುಂತಾದ ಕಥೋಲಿಕ ನಾಡುಗಳಿಗೆ ಹೋಗುತ್ತಿತ್ತು. ಶುಕ್ರವಾರಗಳಲ್ಲೂ ತಪಸ್ಸುಕಾಲದಲ್ಲೂ ಮಾಂಸ ಬಿಟ್ಟ ನಮ್ಮ ಪೂರ್ವಜ ವಿಶ್ವಾಸಿಗಳ ತಟ್ಟೆಗೆ ಬಿದ್ದದ್ದು ಅದೇ. ಮುರಿದ, ಕೆಟ್ಟ, ಯಾರೂ ಕೊಳ್ಳದ ಮೀನು ಕೆರಿಬಿಯನ್ ದ್ವೀಪಗಳಿಗೆ, ಗುಲಾಮರ ಹೊಟ್ಟೆಗೆ. ಒಂದೇ ಬಲೆಯ ಮೀನು. ಒಂದು ಪಾಲು ಭಕ್ತರ ಉಪವಾಸಕ್ಕೆ, ಇನ್ನೊಂದು ಪಾಲು ಉಪವಾಸವೇ ಬದುಕಾಗಿದ್ದವರಿಗೆ. ಒಂದು ತುತ್ತು ಮಾಂಸ ತ್ಯಜಿಸಿ ಪುಣ್ಯ ಗಳಿಸಿದೆವೆಂದುಕೊಂಡವರು ಆ ವ್ಯಾಪಾರಕ್ಕೆ ಗಿರಾಕಿಗಳಾಗಿದ್ದರು.

ಇನ್ನೂ ಹತ್ತಿರದ ಮಾತು ಕೇಳಿ. ಮೇರಿಲ್ಯಾಂಡಿನಲ್ಲಿ ಯೇಸುಸಭೆಯ ಗುರುಗಳಿಗೆ ವಿಶಾಲ ತೋಟಗಳಿದ್ದವು. ವಸಾಹತು ಕಾಲದಿಂದಲೂ ಅಲ್ಲಿ ದುಡಿದವರು ಗುಲಾಮರು. ಅವರಲ್ಲಿ ಅನೇಕರು ದೀಕ್ಷಾಸ್ನಾನ ಪಡೆದ ಕಥೋಲಿಕರು. ಬಲಿಪೂಜೆಯಲ್ಲಿ ಒಂದೇ ರೊಟ್ಟಿಯಲ್ಲಿ ಪಾಲು ಕೊಟ್ಟ ಗುರುಗಳೇ 1838ರಲ್ಲಿ 272 ಮಂದಿಯನ್ನು ಲೂಯಿಸಿಯಾನಾದ ತೋಟಗಳ ಒಡೆಯರಿಗೆ ಮಾರಿದರು. ಆ ಹಣದ ಒಂದು ಪಾಲು ಜಾರ್ಜ್‌ಟೌನ್ ವಿದ್ಯಾಲಯದ ಸಾಲ ತೀರಿಸಿತು. 2017ರಲ್ಲಿ ಯೇಸುಸಭೆಯವರು ಆ ಗುಲಾಮರ ವಂಶಜರ ಮುಂದೆ ಬಹಿರಂಗವಾಗಿ ಕ್ಷಮೆ ಬೇಡಿದರು. ಕ್ಷಮೆ ಬೇಡುವುದಕ್ಕೆ ಹಿಡಿದದ್ದು 179 ವರ್ಷ. ಪಾಪನಿವೇದನೆಯ ಸಂಸ್ಕಾರವನ್ನು ಲೋಕಕ್ಕೆ ಬೋಧಿಸುವ ನಮಗೆ ಈ ವಿಳಂಬ ಶೋಭೆ ತರುವುದಿಲ್ಲ.

ಅಕ್ಕಿ, ಒನಕೆ, ಕೆಸರು

ಗಾದೆಯ ಕೆಸರು ಅಕ್ಷರಶಃ ಇದ್ದದ್ದು ದಕ್ಷಿಣ ಕೆರೊಲಿನದಲ್ಲಿ. ಅಲ್ಲಿನ ಜೌಗುಭೂಮಿಯ ಭತ್ತ ಚಾರ್ಲ್ಸ್‌ಟನ್ ಬಂದರಿನ ಇಂಗ್ಲಿಷ್ ಒಡೆಯರನ್ನು ವಸಾಹತುಗಳ ಅತಿ ಶ್ರೀಮಂತರ ಸಾಲಿಗೆ ಸೇರಿಸಿತು. ಆದರೆ ಇಂಗ್ಲೆಂಡಿನಲ್ಲಿ ಭತ್ತ ಬೆಳೆಯುವುದಿಲ್ಲ. ಬೇಸಾಯ ಬಲ್ಲವರು ಪಶ್ಚಿಮ ಆಫ್ರಿಕದ ಭತ್ತದ ಕರಾವಳಿಯ ಜನ. ಆದ್ದರಿಂದಲೇ ಚಾರ್ಲ್ಸ್‌ಟನ್ನಿನ ಪತ್ರಿಕೆಗಳಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳು, ಇವರು ಭತ್ತದ ಕೃಷಿ ಬಲ್ಲವರೆಂದು ಸಾರುತ್ತಿದ್ದವು. 1708ರ ಸುಮಾರಿಗೇ ಆ ವಸಾಹತಿನಲ್ಲಿ ಬಿಳಿಯರಿಗಿಂತ ಕರಿಯರ ಸಂಖ್ಯೆ ಹೆಚ್ಚಾಗಿತ್ತು. ಮೊಣಕಾಲುದ್ದ ಕೆಸರಿನಲ್ಲಿ, ಹಾವು, ಸೊಳ್ಳೆ, ಮಲೇರಿಯಾಗಳ ನಡುವೆ ದುಡಿದು, ಕೊಯ್ಲಾದ ಮೇಲೆ ಒರಳು ಒನಕೆಗಳಲ್ಲಿ ಅದನ್ನು ಕುಟ್ಟಿ, ಮೊರದಲ್ಲಿ ಕೇರಬೇಕಾಗಿತ್ತು. ಒನಕೆ ಹಿಡಿದ ತಾಯಂದಿರ ತೋಳುನೋವನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸವಿಷ್ಟೇ: ನಮ್ಮ ಅಜ್ಜಿ ಕುಟ್ಟಿದ ಅಕ್ಕಿ ನಮ್ಮ ತಟ್ಟೆಗೆ ಬಂತು, ಅವರು ಕುಟ್ಟಿದ್ದು ಹಡಗೇರಿತು. ಅವರ ಪಾಲಿಗೆ ಉಳಿಯುತ್ತಿದ್ದದ್ದು ಹೆಚ್ಚಾಗಿ ನುಚ್ಚಕ್ಕಿ.

ಬೆಂಡೆಕಾಯಿ, ಅಲಸಂದೆ, ಎಳ್ಳು ಅಮೆರಿಕದ ಅಡುಗೆಗೆ ಸೇರಿದ್ದು ಇದೇ ಆಫ್ರಿಕನ್ನರ ಜೊತೆಯಲ್ಲಿ. ದೊಡ್ಡಮನೆಯ ಅಡುಗೆಯೂ ಅವರದೇ. ಸ್ವತಂತ್ರ ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್‌ನ ಔತಣಗಳಿಗೆ ಕೀರ್ತಿ ತಂದ ಬಾಣಸಿಗ ಹರ್ಕ್ಯುಲೀಸ್ ಎಂಬ ಗುಲಾಮ. ಒಡೆಯನ ತೋಟದಲ್ಲಿ ಗುಲಾಮರಿಗೆ ಸಿಗುತ್ತಿದ್ದ ಪಡಿ ಜೋಳದ ಹಿಟ್ಟು ಮತ್ತು ಉಪ್ಪುಮೀನು. 1797ರ ಫೆಬ್ರವರಿ 22ರಂದು, ಒಡೆಯನ ಹುಟ್ಟುಹಬ್ಬದ ದಿನವೇ, ಹರ್ಕ್ಯುಲೀಸ್ ತಪ್ಪಿಸಿಕೊಂಡು ಹೋದ. ಅದೇ ವರ್ಷ ಅಲ್ಲಿಗೆ ಬಂದ, ಮುಂದೆ ಫ್ರಾನ್ಸಿನ ದೊರೆಯಾದ ಲೂಯಿ ಫಿಲಿಪ್ಪನ ಪರಿವಾರದವರು ಅವನ ಪುಟ್ಟ ಮಗಳನ್ನು ಮಾತಾಡಿಸಿದರು. ಅಪ್ಪನನ್ನು ಇನ್ನು ನೋಡಲಾರೆನೆಂದು ದುಃಖವೇ ಎಂದು ಕೇಳಿದರೆ, ಅಪ್ಪ ಈಗ ಸ್ವತಂತ್ರ, ನನಗೆ ಸಂತೋಷ ಎಂದಳಂತೆ ಆ ಮಗು. ಅಂದು ಆ ಮನೆಯಲ್ಲಿ ನಿಜವಾದ ಕೃತಜ್ಞತಾ ಪ್ರಾರ್ಥನೆ ಹೇಳಿದವಳು ಅವಳೊಬ್ಬಳೇ.

ಬಂಗಾಳ ಕಂಡಿತು, ಬಾರ್ಬಡೋಸ್ ಕಾಣಲಿಲ್ಲ

1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುನ್ನೂರಕ್ಕೂ ಹೆಚ್ಚು ಚಹಾ ಪೆಟ್ಟಿಗೆಗಳನ್ನು ನೀರಿಗೆ ಸುರಿದ ಸಂಗತಿ ನಿಮಗೆ ಗೊತ್ತು. ಅದು ನಮ್ಮ ದೇಶದ ಚಹಾ ಎಂದು ಹಲವರು ತಿಳಿದಿದ್ದಾರೆ. ಅದು ಚೀನಾದ್ದು; ಅಸ್ಸಾಮಿನ ತೋಟಗಳು ಹುಟ್ಟಿದ್ದು ಮುಂದಿನ ಶತಮಾನದಲ್ಲಿ. ಆದರೂ ಭಾರತದ ನಂಟು ಅಲ್ಲಿತ್ತು. 1770ರ ಬಂಗಾಳದ ಭೀಕರ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಕಂಪನಿಯ ಲೋಭ ಅದಕ್ಕೆ ತುಪ್ಪ ಸುರಿದಿತ್ತು. ಫಿಲಡೆಲ್ಫಿಯಾದ ಜಾನ್ ಡಿಕಿನ್ಸನ್ 1773ರಲ್ಲಿ ಅಂಕಿತನಾಮದಿಂದ ಬರೆದ ಪತ್ರದಲ್ಲಿ ಆ ಕ್ಷಾಮವನ್ನೇ ಎತ್ತಿ ತೋರಿಸಿ, ಅನ್ನ ಕಸಿದು ಜನರನ್ನು ಕೊಂದ ಕಂಪನಿ ಈಗ ನಮ್ಮ ಕಡೆ ತಿರುಗಿದೆ ಎಂದು ಎಚ್ಚರಿಸಿದ.

ಎಂದರೆ, ಸಾವಿರಾರು ಮೈಲು ದೂರದ ಬಂಗಾಳದ ಹಸಿದ ಹೊಟ್ಟೆ ಅವರಿಗೆ ಕಾಣುತ್ತಿತ್ತು. ಅದೇ ಹೊತ್ತಿಗೆ ಡಿಕಿನ್ಸನ್ ಸ್ವತಃ ಗುಲಾಮರ ಒಡೆಯ. 1777ರಿಂದ ಅವರನ್ನು ಬಿಡುಗಡೆ ಮಾಡಲಾರಂಭಿಸಿದನೆಂಬುದನ್ನೂ ಹೇಳಬೇಕು; ಅದು ಆತನ ಹಿರಿಮೆ. ಆದರೆ ಹೆಚ್ಚಿನವರು ಹಾಗೆ ಮಾಡಲಿಲ್ಲ. ಚಹಾದ ತೆರಿಗೆ ಗುಲಾಮಗಿರಿಯೆಂದು ಕೂಗಿ, ರಮ್ಮಿನ ಬಟ್ಟಲು ಎತ್ತಿದರು. ಕಣ್ಣಿಗೆ ದೂರ ಅಡ್ಡಿಯಲ್ಲ, ಲಾಭ ಅಡ್ಡಿ.

'ಆ ಕಾಲವೇ ಹಾಗಿತ್ತು' ಎಂಬ ವಾದ

ಅಂದಿನವರನ್ನು ಇಂದಿನ ಅಳತೆಗೋಲಿನಿಂದ ಅಳೆಯಬಾರದೆಂದು ಹೇಳುವವರಿದ್ದಾರೆ. ಒಪ್ಪೋಣ, ಅಂದಿನವರ ಅಳತೆಗೋಲಿನಿಂದಲೇ ಅಳೆಯೋಣ.

ಬೆಂಜಮಿನ್ ಲೇ ಎಂಬ ಗೂನುಬೆನ್ನಿನ ಕುಳ್ಳ ಮನುಷ್ಯ, ಕ್ವೇಕರ್ ಪಂಥದವನು, ಬಾರ್ಬಡೋಸಿನಲ್ಲಿ ಅಂಗಡಿಯಿಟ್ಟು ಗುಲಾಮರ ಬವಣೆಯನ್ನು ಕಣ್ಣಾರೆ ಕಂಡವನು. ಪೆನ್ಸಿಲ್ವೇನಿಯಾಕ್ಕೆ ಬಂದ ಮೇಲೆ ಗುಲಾಮರು ಬೆಳೆದ ಯಾವುದನ್ನೂ ಮುಟ್ಟಲಿಲ್ಲ. ಗುಹೆಯಂಥ ಮನೆಯಲ್ಲಿದ್ದು, ತಾನೇ ಬೆಳೆದ ತರಕಾರಿ ಮತ್ತು ಜೇನು ತಿಂದು ಬದುಕಿದ. 1738ರಲ್ಲಿ, ಗುಲಾಮರ ಒಡೆಯರೂ ಕುಳಿತಿದ್ದ ಪ್ರಾರ್ಥನಾಸಭೆಯಲ್ಲಿ, ಕೆಂಪು ಹಣ್ಣಿನ ರಸ ಅಡಗಿಸಿಟ್ಟಿದ್ದ ಗ್ರಂಥವೊಂದಕ್ಕೆ ಕತ್ತಿ ಚುಚ್ಚಿ, ಆ ರಸವನ್ನು ರಕ್ತದಂತೆ ಅವರ ಮೇಲೆ ಸಿಡಿಸಿದ. ಅವನನ್ನು ಹುಚ್ಚನೆಂದು ಹೊರಹಾಕಿದರು. ನ್ಯೂ ಜೆರ್ಸಿಯ ಜಾನ್ ವೂಲ್ಮನ್ ಇನ್ನೂ ಸೌಮ್ಯ. ಸಕ್ಕರೆಯನ್ನು ಬಿಟ್ಟ. ಅತಿಥಿಯಾಗಿ ಉಳಿದ ಮನೆಯಲ್ಲಿ ಗುಲಾಮರು ಉಪಚರಿಸಿದರೆ, ಅವರ ಕೈಗೆ ಸಲ್ಲುವಂತೆ ಬೆಳ್ಳಿಯ ನಾಣ್ಯ ಕೊಟ್ಟೇ ಹೊರಡುತ್ತಿದ್ದ. ಮನೆಯವರಿಗೆ ಮುಜುಗರವಾಗುತ್ತಿತ್ತು. ಆ ಮುಜುಗರವೇ ಅವನ ಪ್ರಬೋಧನೆ. 1758ರಲ್ಲಿ ಫಿಲಡೆಲ್ಫಿಯಾದ ಕ್ವೇಕರರ ವಾರ್ಷಿಕ ಸಭೆ ಗುಲಾಮ ವ್ಯಾಪಾರದ ವಿರುದ್ಧ ಕ್ರಮಕ್ಕೆ ಮುಂದಾಯಿತು.

ಅದೇ ಕಾಲ, ಅದೇ ನೆಲ, ಅದೇ ಬೈಬಲ್. ಒಬ್ಬನಿಗೆ ಕಂಡದ್ದು ಇನ್ನೊಬ್ಬನಿಗೆ ಏಕೆ ಕಾಣಲಿಲ್ಲ? ಕಾಲವನ್ನು ದೂರುವುದು ಸುಲಭ. ಆದರೆ ಕಾಲ ಯಾರ ಕಣ್ಣನ್ನೂ ಕಟ್ಟುವುದಿಲ್ಲ. ಕಟ್ಟುವುದು ನಾಲಿಗೆಯ ರುಚಿ ಮತ್ತು ಕಿಸೆಯ ಭಾರ.

ಪ್ರಾರ್ಥನೆಗೆ ಮುನ್ನ ಒಂದು ಪ್ರಶ್ನೆ

ಕೊರಿಂಥದ ಕ್ರೈಸ್ತರು ಪ್ರಭುವಿನ ಭೋಜನಕ್ಕೆ ಸೇರಿ, ಉಳ್ಳವರು ಮೊದಲೇ ಉಂಡು, ಇಲ್ಲದವರನ್ನು ಹಸಿವಿನಲ್ಲಿ ಬಿಟ್ಟಾಗ ಸಂತ ಪೌಲರು ಅವರನ್ನು ಹೇಗೆ ಗದರಿದರೆಂಬುದನ್ನು ಅವರ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಓದಿ. ಕೂಲಿ ತಡೆಹಿಡಿದವರಿಗೆ ಸಂತ ಯಕೋಬರು ಕೊಟ್ಟ ಎಚ್ಚರಿಕೆ ಅವರ ಪತ್ರದ ಐದನೆಯ ಅಧ್ಯಾಯದಲ್ಲಿದೆ. ಬಾಸ್ಟನ್ನಿನವರೂ ಚಾರ್ಲ್ಸ್‌ಟನ್ನಿನವರೂ ಮೇರಿಲ್ಯಾಂಡಿನ ಗುರುಗಳೂ ಇವನ್ನು ಓದಿದ್ದರು. ಓದಿಯೂ ಉಂಡರು. ಆದ್ದರಿಂದ ಭೋಜನ ಪ್ರಾರ್ಥನೆ ತನ್ನಷ್ಟಕ್ಕೇ ಊಟವನ್ನು ಪಾವನಗೊಳಿಸುವುದಿಲ್ಲ ಎಂಬುದು ಆ ಮೇಜು ನಮಗೆ ಕಲಿಸುವ ಪಾಠ. ಕಾಣದ ಕೈಗಳನ್ನು ಮುಚ್ಚಿಡುವ ಪರದೆಯಾಗಿಯೂ ಪ್ರಾರ್ಥನೆ ಬಳಕೆಯಾಗಬಲ್ಲದು.

ಅಮೆರಿಕದಲ್ಲಿರುವ ನಿಮ್ಮ ಮಕ್ಕಳು ಆ ಹಬ್ಬವನ್ನು ಬಿಡಲಿ ಎಂದು ನಾನು ಹೇಳುತ್ತಿಲ್ಲ. ಕೃತಜ್ಞತೆ ಎಲ್ಲಿದ್ದರೂ ಒಳ್ಳೆಯದೇ. ಮುಂದಿನ ನವೆಂಬರಿನಲ್ಲಿ ಆ ಚಿತ್ರ ಬಂದಾಗ ಮೊಮ್ಮಕ್ಕಳಿಗೆ ಇಡೀ ಕಥೆಯನ್ನು ಹೇಳಿ. ಐದು ಜಿಂಕೆ ತಂದವನ ಹೆಸರು ಹೇಳಿ. ಮಾರಾಟವಾದ ಅವನ ಮೊಮ್ಮಗನನ್ನು ಮರೆಯಬೇಡಿ. ಸಕ್ಕರೆ ಬಿಟ್ಟ ವೂಲ್ಮನ್‌ನ ಹೆಸರನ್ನೂ ಹೇಳಿ. ಇಲ್ಲವಾದರೆ ಮಕ್ಕಳು ಬೇರೆ ದಾರಿ ಇರಲೇ ಇಲ್ಲವೆಂದು ತಿಳಿದಾರು.

ಪ್ರಾರ್ಥನೆಗೆ ಕೈಮುಗಿಯುವ ಮುನ್ನ ಒಂದು ಪ್ರಶ್ನೆಯನ್ನು ಅವರಿಗೆ ಅಭ್ಯಾಸ ಮಾಡಿಸಿ: ಈ ಅನ್ನಕ್ಕಾಗಿ ಕೆಸರಾದ ಕೈ ಯಾರದು? ಅವರೂ ಉಂಡರೇ?